ಮರುಭೂಮಿಯ ನಡಿಗೆ: ಹಿಂತಿರುಗುವ ಹೊತ್ತು ಮೊದಲೇ ಗೊತ್ತಿರಲಿ

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಮಗನ ಅಥವಾ ಮಗಳ ಮನೆಗೆ ಹೋದ ತಂದೆ-ತಾಯಿಯರು ಅಲ್ಲಿ ನೋಡಿಬರುವ ಸ್ಥಳಗಳಲ್ಲಿ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನವೂ ಒಂದು. ಇಲ್ಲಿನ ಫರ್ನೇಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು 56.7 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಗಿತ್ತು. ವಿಶ್ವ ಹವಾಮಾನ ಸಂಸ್ಥೆಯ ಪಟ್ಟಿಯಲ್ಲಿ ಇಂದಿಗೂ ಇದೇ ಅತ್ಯಧಿಕ.

ಈ ಉದ್ಯಾನದ ಜನಪ್ರಿಯ ಕಾಲುದಾರಿ ಗೋಲ್ಡನ್ ಕ್ಯಾನಿಯನ್ ಎಂಬ ಕಿರುಕಣಿವೆಯಲ್ಲಿ ಏರಿ, ಬೋಳು ಗುಡ್ಡಗಳನ್ನು ದಾಟಿ, ಗೋವರ್ ಗಲ್ಚ್ ಎಂಬ ಇನ್ನೊಂದು ಕಣಿವೆಯಲ್ಲಿ ಇಳಿದು ಹೊರಟ ಜಾಗಕ್ಕೇ ಬಂದು ಸೇರುತ್ತದೆ. ಪುರಾತನ ಕೆರೆಯ ತಳದ ಕೆಸರು ಮೆದುಕಲ್ಲಾಗಿ, ಮಳೆನೀರಿಗೆ ಕೊರೆದು ಈ ಗುಡ್ಡಗಳಾಗಿವೆ. ಮರವಿಲ್ಲ, ಕುಡಿಯುವ ನೀರಿಲ್ಲ. ಒಟ್ಟು ದೂರ ಸುಮಾರು 7 ಕಿ.ಮೀ. ‘ದಿನಾ ವಾಕಿಂಗ್ ಮಾಡುವವರಿಗೆ ಇದೇನು ಮಹಾ’ ಎನಿಸಬಹುದು. ಅಪಾಯವಿರುವುದೇ ಅಲ್ಲಿ.

ದೇಹದೊಳಗೆ ಏನಾಗುತ್ತದೆ?

ಹೊರಗಿನ ಗಾಳಿ ನಮ್ಮ ಮೈಗಿಂತ ಬಿಸಿಯಾದಾಗ ದೇಹ ತಂಪಾಗಲು ಉಳಿಯುವ ಮಾರ್ಗ ಒಂದೇ, ಬೆವರು ಆರುವುದು. ಮಂಗಳೂರಿನ ಸೆಕೆಯಲ್ಲಿ ಬೆವರು ಮೈಮೇಲೆ ನಿಲ್ಲುತ್ತದೆ, ಅಂಗಿ ಒದ್ದೆಯಾಗುತ್ತದೆ. ಮರುಭೂಮಿಯ ಒಣಗಾಳಿಯಲ್ಲಿ ಬೆವರು ಬಂದದ್ದೇ ತಿಳಿಯದಷ್ಟು ಬೇಗ ಆರಿಹೋಗುತ್ತದೆ. ಗಂಟೆಗೆ ಒಂದು ಲೀಟರ್‌ನಷ್ಟು ನೀರು ನಷ್ಟವಾಗುತ್ತಿದ್ದರೂ ಮೈ ಒಣಗಿಯೇ ಇರುತ್ತದೆ. ವಯಸ್ಸಾದವರಲ್ಲಿ ಬಾಯಾರಿಕೆಯ ಅರಿವೂ ಕಡಿಮೆ. ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ಬೀಟಾ ಬ್ಲಾಕರ್ ಸೇವಿಸುವವರು ಶಾಖವನ್ನು ತಾಳಿಕೊಳ್ಳುವುದು ಇನ್ನೂ ಕಷ್ಟ.

2023ರ ಜುಲೈ 18ರಂದು ಈ ದಾರಿಯ ಆರಂಭದ ಸ್ಥಳದಲ್ಲೇ 71 ವರ್ಷದ ಪ್ರವಾಸಿಯೊಬ್ಬರು ಕುಸಿದು ಸಾವನ್ನಪ್ಪಿದರು. ಶಾಖವೇ ಕಾರಣವಿರಬೇಕೆಂದು ಉದ್ಯಾನದ ಅಧಿಕಾರಿಗಳು ಶಂಕಿಸಿದರು. ಆಗ ಫರ್ನೇಸ್ ಕ್ರೀಕ್‌ನಲ್ಲಿ ಸುಮಾರು 49 ಡಿಗ್ರಿ ಉಷ್ಣಾಂಶವಿತ್ತು. ಕಣಿವೆಯ ಗೋಡೆಗಳು ಬಿಸಿಲನ್ನು ಹೀರಿ ಕಾವು ಹೊರಸೂಸುವುದರಿಂದ ಒಳಗೆ ಇನ್ನೂ ಹೆಚ್ಚಿದ್ದಿರಬೇಕು. ಅತಿಯಾದ ಶಾಖದಿಂದಾಗಿ ವೈದ್ಯಕೀಯ ಹೆಲಿಕಾಪ್ಟರ್ ಕೂಡ ಬರಲಾಗಲಿಲ್ಲ.

ಸುತ್ತುದಾರಿಯ ಮೋಸ

ಹೋದ ದಾರಿಯಲ್ಲೇ ಮರಳುವುದಾದರೆ ಸುಸ್ತಾದಾಗ ತಿರುಗಿಬಿಡಬಹುದು. ಸುತ್ತುದಾರಿಯಲ್ಲಿ ಅರ್ಧ ದಾಟಿದ ಮೇಲೆ ಹಿಂದಿನ ದಾರಿಯೇ ಹೆಚ್ಚು ದೂರ. ಅಷ್ಟರಲ್ಲಿ ಶಾಖವೇರಿದ ಮಿದುಳು ಸರಿಯಾಗಿ ಯೋಚಿಸುವುದೂ ಇಲ್ಲ. ಆದ್ದರಿಂದ ತೀರ್ಮಾನವನ್ನು ಕಾರಿನಿಂದ ಇಳಿಯುವ ಮುನ್ನವೇ ಮಾಡಿ. ಒಯ್ದ ನೀರಿನಲ್ಲಿ ಮೂರನೇ ಒಂದು ಪಾಲು ಮುಗಿದಾಗ ಅರ್ಧ ದಾರಿ ತಲುಪಿರದಿದ್ದರೆ, ಅಥವಾ ಗುಂಪಿನಲ್ಲಿ ಒಬ್ಬರಿಗಾದರೂ ತಲೆನೋವು, ವಾಕರಿಕೆ, ಸ್ನಾಯು ಸೆಳೆತ ಕಂಡರೆ, ಅಲ್ಲಿಂದಲೇ ಹಿಂತಿರುಗಿ. ಗೋಲ್ಡನ್ ಕ್ಯಾನಿಯನ್ ಕಡೆಗೆ ಮರಳುವ ದಾರಿ ಹೆಚ್ಚಾಗಿ ಇಳಿಜಾರು.

ಹೊರಡುವ ಮುನ್ನ

* ನವೆಂಬರ್‌ನಿಂದ ಮಾರ್ಚ್‌ವರೆಗಿನ ಕಾಲ ಸೂಕ್ತ. ಬೇಸಿಗೆಯಲ್ಲಿ ಬೆಳಿಗ್ಗೆ 10ರ ನಂತರ ತಗ್ಗುಪ್ರದೇಶದಲ್ಲಿ ನಡೆಯಬಾರದೆಂಬುದು ಉದ್ಯಾನದವರ ಸೂಚನೆ. ಹಿರಿಯರು ಆ ಕಾಲದಲ್ಲಿ ನಡಿಗೆಯನ್ನೇ ಬಿಡುವುದು ಲೇಸು.

* ಅಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 4 ಲೀಟರ್ ನೀರು ಬೇಕು, ನಡೆದರೆ ಇನ್ನೂ ಹೆಚ್ಚು. ಗುಟುಕು ಗುಟುಕಾಗಿ ಕುಡಿಯುತ್ತಿರಿ.

* ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅದೂ ಅಪಾಯವಾದೀತು. ಜೊತೆಗೆ ಉಪ್ಪು ಹಾಕಿದ ಕಡಲೆಕಾಯಿ, ಖಾರದ ಅವಲಕ್ಕಿಯಂಥ ತಿಂಡಿ ಇರಲಿ. ಉಪ್ಪಿನ ಪಥ್ಯವಿರುವವರು ವೈದ್ಯರನ್ನು ಕೇಳಿ.

* ಅಗಲ ಅಂಚಿನ ಟೋಪಿ, ಮೈಮುಚ್ಚುವ ಸಡಿಲ ತಿಳಿಬಣ್ಣದ ಉಡುಪು, ಗಟ್ಟಿ ಬೂಟು ಧರಿಸಿ.

* ಮೋಡ ಕವಿದರೆ ಕಣಿವೆಗಿಳಿಯಬೇಡಿ. ಗೋಲ್ಡನ್ ಕ್ಯಾನಿಯನ್ ಒಳಗೆ ಹಿಂದೆ ಇದ್ದ ಡಾಂಬರು ರಸ್ತೆ 1976ರ ಪ್ರವಾಹದಲ್ಲಿ ಕೊಚ್ಚಿಹೋಯಿತು.

* ಉದ್ಯಾನದ ಬಹುಭಾಗದಲ್ಲಿ ಮೊಬೈಲ್ ಸಂಪರ್ಕ ಸಿಗದು. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂದು ಮನೆಯವರಿಗೆ ತಿಳಿಸಿರಿ.

ಲಕ್ಷಣಗಳು ಮತ್ತು ಪ್ರಥಮ ಚಿಕಿತ್ಸೆ

ತಲೆಸುತ್ತು, ವಾಕರಿಕೆ, ನಿಶ್ಶಕ್ತಿ ಶಾಖದ ಬಳಲಿಕೆಯ ಲಕ್ಷಣಗಳು. ನೆರಳಿನಲ್ಲಿ ಮಲಗಿಸಿ, ಕಾಲನ್ನು ತುಸು ಎತ್ತರಿಸಿ, ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಸ್ವಲ್ಪ ಸ್ವಲ್ಪವೇ ಕುಡಿಸಿ.

ಮಾತು ತೊದಲಿದರೆ, ಗೊಂದಲ ಕಂಡರೆ, ನಡಿಗೆ ತಪ್ಪಿದರೆ, ಎಚ್ಚರ ತಪ್ಪಿದರೆ ಅದು ಉಷ್ಣಾಘಾತ. ದೇಹದ ಉಷ್ಣಾಂಶ 40 ಡಿಗ್ರಿ ದಾಟಿರುತ್ತದೆ. ಬೆವರು ಬರುತ್ತಿದೆಯೆಂದು ಸಮಾಧಾನಪಡಬೇಡಿ, ನಡೆಯುತ್ತಿದ್ದವರಿಗೆ ಉಷ್ಣಾಘಾತದಲ್ಲೂ ಬೆವರಿರಬಹುದು. ಕೂಡಲೇ ಉಡುಪು ಸಡಿಲಿಸಿ, ಇರುವ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಬೀಸಿ. ಕತ್ತು, ಕಂಕುಳು, ತೊಡೆಸಂದಿಗೆ ಒದ್ದೆಬಟ್ಟೆ ಇಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಲೇಬೇಡಿ. ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡದು. ಒಬ್ಬರು ರೋಗಿಯನ್ನು ತಣಿಸುತ್ತಿರಲಿ, ಇನ್ನೊಬ್ಬರು 911ಕ್ಕೆ ಕರೆಮಾಡಲಿ ಅಥವಾ ನೆರವಿಗೆ ಓಡಲಿ.

ಮಕ್ಕಳ ಉತ್ಸಾಹಕ್ಕೆ ಭಂಗವಾದೀತೆಂದು ಹಿರಿಯರು ಆಯಾಸವನ್ನು ಬಚ್ಚಿಡುವುದುಂಟು. ಹಾಗೆ ಮಾಡಬೇಡಿ. ಮಕ್ಕಳೇ, ನೀವೂ ಅರ್ಧ ಗಂಟೆಗೊಮ್ಮೆ ನಿಂತು ಅಪ್ಪ-ಅಮ್ಮನನ್ನು ಮಾತಾಡಿಸಿ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ‘ಸಾಕು’ ಎಂದಾಗ ಎಲ್ಲರೂ ಹಿಂತಿರುಗಬೇಕು.