ವಿಳಾಸ ಬದಲಿಸಿದ ಸೇವಕ: ಆನಂದರಾವ್ ಕೌಂಡಿನ್ಯ ಮತ್ತು ಆನಂದಪುರದ ಸಭೆ

ಯುವಜನರ ಆರಾಧನೆ, ಪದ್ಮನಾಭನಗರ
ಓದಬೇಕಾದ ವಾಕ್ಯಭಾಗಗಳು: 1 ಥೆಸಲೋನಿಕ 2:5–9, ಮಾರ್ಕ 10:28–30, ಫಿಲೆಮೋನ 10–17

 

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. "ದೇವರ ಸೇವೆ" ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ? ಪ್ರಾಮಾಣಿಕವಾಗಿ ಹೇಳಿ. ಸ್ಟೇಜು, ಲೈಟು, ಕೀಬೋರ್ಡು, ಕೈಯಲ್ಲಿ ಮೈಕು. ಯೂಟ್ಯೂಬ್‌ನಲ್ಲಿ ಎಷ್ಟು ಜನ ನೋಡಿದ್ರು ಅನ್ನೋ ಲೆಕ್ಕ. ನಾನು ನಿಮ್ಮನ್ನು ಬೈಯ್ತಾ ಇಲ್ಲ. ನಿಮ್ಮ ವಯಸ್ಸಿನಲ್ಲಿ ನನಗೂ ಅದೇ ಕಾಣ್ತಾ ಇತ್ತು. ಅದರ ಕಥೆ ಆಮೇಲೆ ಹೇಳ್ತೀನಿ, ಯಾಕಂದ್ರೆ ಅದನ್ನು ಹೇಳೋಕೆ ನನಗೆ ಸ್ವಲ್ಪ ನಾಚಿಕೆ ಇದೆ.

ಪೌಲನು ಥೆಸಲೋನಿಕದವರಿಗೆ ಬರೆಯುವಾಗ ತನ್ನ ಸೇವೆಯನ್ನು ಹೇಗೆ ನೆನಪಿಸಿಕೊಳ್ಳುತ್ತಾನೆ ನೋಡಿ. ಎರಡನೇ ಅಧ್ಯಾಯದ ಎಂಟನೇ ವಚನದ ಅರ್ಥ ಇದು: ನಿಮಗೆ ಸುವಾರ್ತೆಯನ್ನು ಮಾತ್ರ ಕೊಡಲಿಲ್ಲ, ನಮ್ಮ ಪ್ರಾಣವನ್ನೇ ನಿಮ್ಮ ಜೊತೆ ಹಂಚಿಕೊಳ್ಳಲು ಸಿದ್ಧರಾಗಿದ್ದೆವು. ಒಂಬತ್ತನೇ ವಚನದಲ್ಲಿ ಇನ್ನೊಂದು ಮಾತು: ನಿಮಗೆ ಭಾರವಾಗಬಾರದೆಂದು ಹಗಲೂ ರಾತ್ರಿ ದುಡಿದೆವು. ವಾಕ್ಯ ಕೊಡೋದು ಒಂದು, ಜೀವ ಕೊಡೋದು ಇನ್ನೊಂದು. ಪೌಲ ಎರಡನ್ನೂ ಕೊಟ್ಟ.

ಇದು ಪೌಲನ ಕಾಲಕ್ಕೆ ಮುಗಿದುಹೋದ ವಿಷಯ ಅಲ್ಲ. ಮೆನ್ನೊನೈಟರು ಅಂತ ಒಂದು ಸಭಾಪಂಗಡ ಇದೆ. ರಾಯಚೂರಿನಿಂದ ಗಡಿ ದಾಟಿ ತೆಲಂಗಾಣದ ಗದ್ವಾಲ, ಮಹಬೂಬ್‌ನಗರದ ಕಡೆ ಹೋದರೆ ಅವರ ಸಭೆಗಳು ಸಿಗುತ್ತವೆ. 1525ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ, ನಂಬಿದವರೇ ದೀಕ್ಷಾಸ್ನಾನ ತೆಗೆದುಕೊಳ್ಳಬೇಕು ಎಂದು ನಿಂತ ಅನಾಬ್ಯಾಪ್ಟಿಸ್ಟ್ ವಿಶ್ವಾಸಿಗಳ ಪರಂಪರೆ ಅವರದು. ಹಳೆಯ ಮೆನ್ನೊನೈಟ್ ಹಳ್ಳಿಗಳಲ್ಲಿ ಸಭಾಪಾಲಕ ಹೊರಗಿನಿಂದ ಬರುತ್ತಿರಲಿಲ್ಲ. ಸಭೆಯೊಳಗಿನ ಒಬ್ಬ ರೈತನನ್ನೇ ಆರಿಸುತ್ತಿದ್ದರು, ಎಷ್ಟೋ ಕಡೆ ಚೀಟು ಹಾಕಿ. ಸಂಬಳ ಇಲ್ಲ. ವಾರವೆಲ್ಲ ಹೊಲದ ಕೆಲಸ, ಭಾನುವಾರ ವಾಕ್ಯ. ಹಳ್ಳಿಯ ಪಾಸ್ಟರ್ ಅಂದ್ರೆ ಆ ಮಣ್ಣಿನಲ್ಲೇ ದುಡಿಯುವ ಮನುಷ್ಯ.

ನಮ್ಮ ಕನ್ನಡ ನೆಲದಲ್ಲಿ ಅಂಥವರು ಯಾರಿದ್ದಾರೆ ಅಂತ ಹುಡುಕಿದಾಗ ನನಗೆ ಸಿಕ್ಕಿದವರು ಒಬ್ಬ ಮಂಗಳೂರಿನವರು. ಅವರು ಮೆನ್ನೊನೈಟ್ ಅಲ್ಲ, ಬಾಸೆಲ್ ಮಿಷನ್ನಿನವರು. ಪೆಂತೆಕೊಸ್ತರೂ ಅಲ್ಲ. ಆದರೆ ಅವರ ಜೀವನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೆಸರು ಹರ್ಮನ್ ಆನಂದರಾವ್ ಕೌಂಡಿನ್ಯ.

1. ಹದಿನೆಂಟರಲ್ಲಿ ತೆತ್ತ ಬೆಲೆ

ಪ್ರತಿ ವರ್ಷ ಜುಲೈ 1ರಂದು ಪತ್ರಿಕಾ ದಿನಾಚರಣೆ ಅಂತ ಸ್ಟೇಟಸ್ ನೋಡಿರ್ತೀರಿ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ"ವನ್ನು ಹೊರತಂದವರು ಹರ್ಮನ್ ಮೋಗ್ಲಿಂಗ್. ಆ ಮೋಗ್ಲಿಂಗ್ ಅಯ್ಯನವರ ಕೈಯಿಂದಲೇ, ಆರು ತಿಂಗಳ ನಂತರ, 1844ರ ಜನವರಿ 6ರಂದು ಮಂಗಳೂರಿನಲ್ಲಿ ಮೂವರು ಬ್ರಾಹ್ಮಣ ಯುವಕರು ದೀಕ್ಷಾಸ್ನಾನ ತೆಗೆದುಕೊಂಡರು. ಅವರಲ್ಲಿ ಒಬ್ಬರು ಆನಂದರಾವ್, ಸಾರಸ್ವತ ಮನೆತನದ ಹುಡುಗ. ಹುಟ್ಟಿದ್ದು 1825. ಅಂದ್ರೆ ವಯಸ್ಸು ಹದಿನೆಂಟರ ಆಸುಪಾಸು. ಇಲ್ಲಿ ಕೂತಿರುವ ನಿಮ್ಮಲ್ಲಿ ಎಷ್ಟೋ ಜನರ ವಯಸ್ಸು!

ಊರಲ್ಲಿ ದೊಡ್ಡ ಗಲಾಟೆ ಆಯಿತು. ಮನೆ ಹೋಯಿತು, ಜಾತಿ ಹೋಯಿತು. ಆಗಿನ ಪದ್ಧತಿಯಂತೆ ಚಿಕ್ಕ ವಯಸ್ಸಿನಲ್ಲೇ ಮದುವೆ ಆಗಿತ್ತು. ಹೆಂಡತಿಯ ಹೆಸರು ಲಕ್ಷ್ಮಿ. ಆಕೆ ಅವರ ಬಳಿಗೆ ಬರಲಿಲ್ಲ. ವರ್ಷಗಳು ಕಳೆದರೂ ಬರಲಿಲ್ಲ. ಕೊನೆಗೆ 1860ರಲ್ಲಿ ಅವರು ಜರ್ಮನಿಯ ಮರೀ ರೈನ್‌ಹಾರ್ಟ್ ಅವರನ್ನು ಮದುವೆಯಾದರು.

ಇಲ್ಲಿ ಒಂದು ನಿಮಿಷ ನಿಲ್ಲೋಣ, ದೇವಜನರೇ. ಇಂಥ ಸಾಕ್ಷಿ ಹೇಳುವಾಗ ನಾವು "ಎಲ್ಲ ಬಿಟ್ಟು ಬಂದರು, ಹಲ್ಲೆಲೂಯಾ" ಅಂತ ಕೈ ತಟ್ಟಿ ಮುಂದಕ್ಕೆ ಹೋಗ್ತೀವಿ. ಆದರೆ ಲಕ್ಷ್ಮಿ? ಆಕೆಯನ್ನು ಯಾರೂ ಕೇಳಿ ಮದುವೆ ಮಾಡಿರಲಿಲ್ಲ. ಗಂಡ ತೆಗೆದುಕೊಂಡ ತೀರ್ಮಾನದ ಬೆಲೆಯಲ್ಲಿ ಆಕೆಯ ಪಾಲೂ ಇತ್ತು. ಮಾರ್ಕ 10ರಲ್ಲಿ ಕರ್ತನು ಮನೆ, ತಾಯಿ, ತಂದೆ, ಮಕ್ಕಳು, ಭೂಮಿ ಅಂತ ಒಂದೊಂದೇ ಹೆಸರು ಹೇಳಿ ಎಣಿಸುತ್ತಾನೆ. ಬಿಟ್ಟದ್ದನ್ನು ಆತನು ಸಣ್ಣದು ಅನ್ನಲಿಲ್ಲ. ನಾವೂ ಅನ್ನಬಾರದು. ನಿಮ್ಮಲ್ಲಿ ಕೆಲವರು ನಂಬಿಕೆಗೆ ಬಂದದ್ದರಿಂದ ಮನೆಯಲ್ಲಿ ಅಮ್ಮ ಅಳ್ತಾ ಇದ್ದಾರೆ ಅಂತ ನನಗೆ ಗೊತ್ತು. ಆ ಕಣ್ಣೀರನ್ನು ಸೈತಾನನ ಕೆಲಸ ಅಂದುಬಿಡಬೇಡಿ. ಮನೆಗೆ ಹೋಗಿ ಅಮ್ಮನ ಪಕ್ಕ ಕೂತ್ಕೊಳ್ಳಿ.

2. ಓದಿದ್ದು ಬಾಸೆಲ್‌ನಲ್ಲಿ

ಮೋಗ್ಲಿಂಗ್ ಅವರ ಜೊತೆ ಆನಂದರಾವ್ ಯೂರೋಪಿಗೆ ಹೋದರು. 1846ರಿಂದ 1851ರವರೆಗೆ ಬಾಸೆಲ್ ಮಿಷನ್ನಿನ ಸೆಮಿನರಿಯಲ್ಲಿ ಓದಿದರು. 1851ರಲ್ಲಿ ಅವರಿಗೆ ಸೇವಾದೀಕ್ಷೆ ಆಯಿತು. ಹಾಗೆ ಬಾಸೆಲ್‌ನಲ್ಲೇ ತರಬೇತಿ ಪಡೆದು ಆ ಮಿಷನ್ನಿನ ಪೂರ್ಣ ಮಿಷನರಿಯಾದ ಮೊದಲ ಭಾರತೀಯ ಅವರು.

ಯೋಚನೆ ಮಾಡಿ. ಈಗ ನಮ್ಮ ಹುಡುಗರು ಮಾಸ್ಟರ್ಸ್ ಮಾಡೋಕೆ ಜರ್ಮನಿಗೆ ಹೋಗ್ತಾರೆ, ಅಲ್ಲೇ ಉಳೀತಾರೆ. ತಪ್ಪು ಅಂತ ಹೇಳ್ತಾ ಇಲ್ಲ. ಆದರೆ ಈ ಮನುಷ್ಯ ವಾಪಸ್ ಬಂದರು. ಮಂಗಳೂರಿನ ಬಲ್ಮಠದ ಸೆಮಿನರಿಯಲ್ಲಿ ಪಾಠ ಹೇಳಿದರು, ಸ್ಥಳೀಯ ಸೇವಕರನ್ನು ತಯಾರು ಮಾಡಿದರು. ಪಟ್ಟಣದಲ್ಲೇ ಇದ್ದು ಗೌರವದ ಬಾಳು ನಡೆಸಬಹುದಿತ್ತು. ಅಷ್ಟಕ್ಕೇ ನಿಂತಿದ್ದರೂ ಅದು ದೊಡ್ಡ ಸೇವೆಯೇ.

3. ಕೊಡಗಿನ ಬಾಗಿಲು

ಕೊಡಗಿನ ಬಾಗಿಲು ತೆರೆದದ್ದು ಹೇಗೆ ಗೊತ್ತಾ? 1852ರಲ್ಲಿ ಮೋಗ್ಲಿಂಗ್ ಭಾರತ ಬಿಟ್ಟು ಊರಿಗೆ ಹೊರಟು ನಿಂತಿದ್ದರು. ಆಗ ಕೊಡಗಿನ ಅಲ್ಮಂಡ ಮನೆತನದ ಸೋಮಯ್ಯ ಎಂಬವರು ಅವರ ಬಳಿ ಬಂದರು. ಮುಂದಿನ ವರ್ಷದ ಆರಂಭದಲ್ಲಿ ಅವರಿಗೆ ದೀಕ್ಷಾಸ್ನಾನ ಆಯಿತು, ಸ್ತೆಫನಸ ಎಂಬ ಹೆಸರಾಯಿತು. 1 ಕೊರಿಂಥ 16:15 ತೆಗೆದು ನೋಡಿ, ಅಖಾಯ ಸೀಮೆಯ ಪ್ರಥಮ ಫಲ ಸ್ತೆಫನಸನ ಮನೆಯವರು. ಮೋಗ್ಲಿಂಗ್ ಪ್ರಯಾಣ ಬಿಟ್ಟು ಕೊಡಗಿಗೆ ಹೋದರು.

ಅಲ್ಲಿ ಯಾರೂ ಲೆಕ್ಕ ಹಾಕದ ಒಂದು ವಿಷಯ ನಡೆಯಿತು. ವಾಕ್ಯ ಕೇಳಲು ಗುಂಪಾಗಿ ಬಂದವರು ಮನೆಯ ಯಜಮಾನರಲ್ಲ, ಗದ್ದೆಯ ಆಳುಗಳು. ಇತಿಹಾಸದ ಪುಸ್ತಕಗಳು ಹೊಲೆಯರು ಎಂದು ಬರೆಯುವ ದಲಿತ ಸಮುದಾಯದವರು. ಕೊಡಗಿನಲ್ಲಿ ಅವರು ತಲೆಮಾರುಗಳಿಂದ ಜೀತದಲ್ಲಿದ್ದರು. ಕೆಲವರು ಭೂಮಿಗೆ ಸೇರಿದ ಆಳುಗಳು, ಕೆಲವರು ಮನೆತನಕ್ಕೆ ಸೇರಿದ ಆಳುಗಳು. 1843ರಲ್ಲೇ ಬ್ರಿಟಿಷ್ ಸರ್ಕಾರ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಇಲ್ಲ ಎಂದು ಕಾಯಿದೆ ಮಾಡಿತ್ತು. ಆದರೆ ಕಾಗದದಲ್ಲಿ ಬಿಡುಗಡೆ ಆದವನಿಗೆ ನಿಲ್ಲಲು ನೆಲ ಎಲ್ಲಿ? ಮಲಗಲು ಗುಡಿಸಲು ಯಾರದು? ಯಜಮಾನ "ಹೊರಗೆ ಹೋಗು" ಅಂದರೆ ಅವನು ಎಲ್ಲಿಗೆ ಹೋಗಬೇಕು?

ಇಂಥ ಜನರಿಗೆ ಬರೀ ಪ್ರಸಂಗ ಸಾಕಾಗುತ್ತಾ? ಸಾಕಾಗಲ್ಲ.

ಕೌಂಡಿನ್ಯರು ತಮ್ಮ ಸ್ವಂತ ಹಣ ಹಾಕಿದರು. ಇವತ್ತಿನ ಸಿದ್ದಾಪುರದ ಹತ್ತಿರ ಕಾಡು, ಬೆಟ್ಟ ಇದ್ದ ಜಾಗದಲ್ಲಿ ಕಾಫಿ ತೋಟ ಆಯಿತು. ನಂಬಿಕೆಗೆ ಬಂದ ಕೂಲಿ ಕುಟುಂಬಗಳಿಗೆ ಅಲ್ಲಿ ಮನೆ, ಕೆಲಸ, ಆರಾಧನೆ. ಆ ಊರಿಗೆ ಅವರ ಹೆಸರನ್ನೇ ಇಟ್ಟರು: ಆನಂದಪುರ. ಮೋಗ್ಲಿಂಗ್ 1860ರಲ್ಲಿ ಜರ್ಮನಿಗೆ ಮರಳಿದರು. ಕೌಂಡಿನ್ಯರು ಆ ಊರಿನ ಕೈ ಬಿಡಲಿಲ್ಲ. ಮುಂದೆ ಮಂಗಳೂರು ಬಿಟ್ಟು ಅಲ್ಲಿಗೇ ಹೋಗಿ ನೆಲೆಸಿದರು. 1893ರಲ್ಲಿ ಕರ್ತನ ಬಳಿ ಸೇರಿದರು.

ನಿನ್ನೆ ಸಂಜೆ ದರ್ಶಿನಿಯಲ್ಲಿ ನಿಂತು ಫಿಲ್ಟರ್ ಕಾಫಿ ಕುಡಿದಿರಲ್ಲ, ಆ ಕಾಫಿ ಗಿಡದ ಕಥೆಯಲ್ಲಿ ಒಬ್ಬ ಸಭಾಪಾಲಕರೂ ಇದ್ದಾರೆ.

4. ಕಷ್ಟದ ಪ್ರಶ್ನೆ

ನಮ್ಮ ಮನೆಕೂಟದಲ್ಲಿ ಇದನ್ನು ಹೇಳಿದಾಗ ಒಬ್ಬ ತಂಗಿ ಕೇಳಿದಳು: "ಪಾಸ್ಟರ್, ತೋಟದ ಯಜಮಾನರೂ ಅವರೇ, ಸಭೆಯ ಪಾಲಕರೂ ಅವರೇ. ಕೂಲಿ ಕೊಡೋರೇ ಪ್ರಸಂಗ ಮಾಡಿದ್ರೆ, ಕೇಳೋರು ಇಷ್ಟ ಇಲ್ಲ ಅಂತ ಹೇಳೋಕಾಗುತ್ತಾ?"

ಒಳ್ಳೇ ಪ್ರಶ್ನೆ. ನಾನು ಅದನ್ನು ಮುಚ್ಚಿಡಲ್ಲ. ಅನ್ನ ಮತ್ತು ವಾಕ್ಯ ಒಂದೇ ಕೈಯಿಂದ ಬರುವಾಗ ಅಪಾಯ ಇದ್ದೇ ಇದೆ. ಕೊಡುವವನು ದೊಡ್ಡವನಾಗ್ತಾನೆ, ತೆಗೆದುಕೊಳ್ಳುವವನು ಚಿಕ್ಕವನಾಗ್ತಾನೆ. ಮಿಷನ್ ಕಾಲದಲ್ಲಿ ಈ ಅಪಾಯ ಇತ್ತು, ನಮ್ಮ ಸಭೆಗಳಲ್ಲೂ ಇದೆ. ರೇಷನ್ ಕಿಟ್ ಕೊಟ್ಟು ಫೋಟೋ ಹಾಕ್ತೀವಲ್ಲ, ಆಗ ನೆನಪಿಸಿಕೊಳ್ಳಿ.

ಇದಕ್ಕೆ ಫಿಲೆಮೋನನ ಪತ್ರ ಅಳತೆಗೋಲು. ಓನೇಸಿಮನನ್ನು ಇನ್ನು ಮೇಲೆ ದಾಸನಂತೆ ಅಲ್ಲ, ಪ್ರಿಯ ಸಹೋದರನಂತೆ ಸೇರಿಸಿಕೋ ಎಂದು ಪೌಲ ಕೇಳಿಕೊಳ್ಳುತ್ತಾನೆ. ಸಹಾಯ ಮಾಡು ಅಂತ ಮಾತ್ರ ಅಲ್ಲ, ಸಹೋದರ ಅನ್ನು. ಒಬ್ಬ ಬ್ರಾಹ್ಮಣ ಮನೆತನದ ವ್ಯಕ್ತಿ, ಯಾರ ನೆರಳೂ ಬೀಳಬಾರದು ಎಂದು ಆ ಕಾಲದ ಸಮಾಜ ಹೇಳಿತ್ತೋ ಅವರ ಊರಿನಲ್ಲೇ ಮನೆ ಮಾಡಿ, ಅವರ ಜೊತೆ ಒಂದೇ ಸಭೆಯಾಗಿ ಕೂತರು. ಅವರು ಎಲ್ಲದರಲ್ಲೂ ಗೆದ್ದರು ಅಂತ ನಾನು ಹೇಳಲ್ಲ. ಆದರೆ ದೂರದಿಂದ ದುಡ್ಡು ಕಳಿಸಿ ಸುಮ್ಮನಾಗಲಿಲ್ಲ. ತಾವೇ ಹೋದರು.

5. ನಮ್ಮಪ್ಪನ ಹದಿನಾಲ್ಕು ಮನೆ

ಈಗ ನನ್ನ ಕಥೆ. ನಮ್ಮಪ್ಪ ಕೊಳ್ಳೇಗಾಲದ ಕಡೆ ಒಂದು ಹಳ್ಳಿಯಲ್ಲಿ ಸಭಾಪಾಲಕರಾಗಿದ್ದರು. ಶೀಟ್ ಹಾಕಿದ ಚಿಕ್ಕ ಪ್ರಾರ್ಥನಾ ಮಂದಿರ. ಮಳೆ ಬಂದರೆ ಪ್ರಸಂಗ ಕೇಳಿಸ್ತಾ ಇರಲಿಲ್ಲ, ಅಪ್ಪ ನಿಲ್ಲಿಸಿ ಹಾಡು ಶುರು ಮಾಡೋರು. ಒಂದೂವರೆ ಎಕರೆ ರಾಗಿ ಹೊಲ, ಎರಡು ಹಸು, ಒಂದು ಸೈಕಲ್ಲು.

ನಾನು ಬೆಂಗಳೂರಿಗೆ ಬಂದೆ, ಬೈಬಲ್ ಕಾಲೇಜ್ ಸೇರಿದೆ, ಇಂಗ್ಲಿಷ್ ಕಲಿತೆ. ಒಂದು ಸಲ ಒಂದು ದೊಡ್ಡ ಸಭೆಯಲ್ಲಿ ನನಗೆ ಮಾತಾಡಲು ಅವಕಾಶ ಸಿಕ್ಕಿತ್ತು. ಅಪ್ಪ ಅದೇ ಹಳೇ ಪಂಚೆ ಉಟ್ಟುಕೊಂಡು ಬಸ್ಸಲ್ಲಿ ಬಂದಿದ್ದರು. ಅಲ್ಲಿಯ ಒಬ್ಬ ಹಿರಿಯರು "ತಂದೆ ಏನು ಮಾಡ್ತಾರೆ?" ಅಂತ ಕೇಳಿದರು. ನಾನು "ರಿಟೈರ್ಡ್ ಟೀಚರ್" ಅಂದುಬಿಟ್ಟೆ. ಅಪ್ಪ ಪಕ್ಕದಲ್ಲೇ ನಿಂತಿದ್ದರು. ಏನೂ ಮಾತಾಡಲಿಲ್ಲ, ನಕ್ಕು ಕೈ ಮುಗಿದರು.

ಆಮೇಲೆ ನಾನು "ಸಾಕು ಬಾಪ್ಪ, ಬೆಂಗಳೂರಿಗೆ ಬಂದುಬಿಡು" ಅಂತ ಎಷ್ಟೋ ಸಲ ಕರೆದೆ. ಅಪ್ಪ ಅನ್ನೋರು: "ಇಲ್ಲಿ ಹದಿನಾಲ್ಕು ಮನೆ ಇದಾವೆ ಮಗಾ. ಅಲ್ಲಿಗೆ ಬಂದ್ರೆ ಸಾಯಂಕಾಲ ನಾನು ಯಾರ ಮನೆಗೆ ಹೋಗ್ಲಿ?"

ಅಪ್ಪ ತೀರಿಕೊಂಡ ದಿನ ಆ ಹದಿನಾಲ್ಕು ಮನೆಯವರು ಮಾತ್ರ ಅಲ್ಲ, ಊರೇ ಬಂದಿತ್ತು. ಸಭೆಗೆ ಒಂದು ದಿನವೂ ಬರದವರು ಗುಂಡಿ ತೋಡಿದರು. ಅವರಲ್ಲಿ ಒಬ್ಬ ಅಜ್ಜ ನನ್ನ ಕೈ ಹಿಡಿದು, "ನನ್ನ ಹೆಂಡ್ರು ಆಸ್ಪತ್ರೆಲಿದ್ದಾಗ ಅಯ್ಯನೋರು ಮೂರು ರಾತ್ರಿ ನಮ್ಮ ಜೊತೆ ಕೂತಿದ್ರು ಕಣಪ್ಪ" ಅಂದರು. ಅಪ್ಪ ಈ ವಿಷಯ ನಮಗೆ ಯಾವತ್ತೂ ಹೇಳಿರಲಿಲ್ಲ.

ಅವತ್ತು ಹೇಳಿದ ಸುಳ್ಳಿಗೆ ನಾನು ಅಪ್ಪನ ಹತ್ತಿರ ಕ್ಷಮೆ ಕೇಳಲೇ ಇಲ್ಲ. ದೇವರ ಹತ್ತಿರ ಕೇಳಿದ್ದೇನೆ. ಇವತ್ತು ನಿಮ್ಮ ಮುಂದೆ ಹೇಳ್ತಾ ಇದ್ದೇನೆ: ನಮ್ಮಪ್ಪ ಹಳ್ಳಿಯ ಪಾಸ್ಟರ್ ಆಗಿದ್ದರು.

6. ನೀವು ಏನು ಮಾಡಬೇಕು?

ಎಲ್ಲರೂ ಕೆಲಸ ಬಿಟ್ಟು ಹಳ್ಳಿಗೆ ಹೋಗಿ ಅಂತ ಹೇಳ್ತಾ ಇಲ್ಲ. ಪವಿತ್ರಾತ್ಮನು ಯಾರನ್ನು ಎಲ್ಲಿಗೆ ಕರೆಯುತ್ತಾನೋ ಆತನಿಗೆ ಬಿಟ್ಟದ್ದು. ಆದರೆ ಒಂದು ವಿಷಯ ನಿಮಗೆಲ್ಲ ಗೊತ್ತು. ಕನಕಪುರದ ಆಚೆ ಹಳ್ಳಿಯಲ್ಲಿರುವ ನಮ್ಮ ಔಟ್‌ಸ್ಟೇಷನ್ ಸಭೆಯ ಪಾಸ್ಟರ್ ಅಯ್ಯನವರಿಗೆ ಮಂಡಿ ಆಪರೇಷನ್ ಆಗಿದೆ. ಮೂರು ತಿಂಗಳು ನಡೆಯುವ ಹಾಗಿಲ್ಲ. ನಾವು ಹೋದ ತಿಂಗಳು ಕಾಣಿಕೆ ಕಳಿಸಿದೆವು. ಮೊನ್ನೆ ಫೋನ್ ಮಾಡಿ ಅವರು ಹೇಳಿದ್ದು ಇಷ್ಟೇ: "ಕಾಣಿಕೆ ಬಂತು, ಸ್ತೋತ್ರ. ಯಾರಾದ್ರೂ ಬರ್ತಾರಾ?"

ತಿಂಗಳಿಗೆ ಒಂದು ಭಾನುವಾರ. ಶನಿವಾರ ಸಂಜೆ ಹೋಗಿ ಅಲ್ಲೇ ಮಲಗಬೇಕು. ಸೌಂಡ್ ಸಿಸ್ಟಮ್ ತಗೊಂಡು ಹೋಗಬೇಡಿ, ಕ್ಯಾಮೆರಾನೂ ಬೇಡ. ಮಕ್ಕಳಿಗೆ ಲೆಕ್ಕ ಹೇಳಿಕೊಡಿ, ವಯಸ್ಸಾದವರ ಜೊತೆ ಕೂತು ಮಾತಾಡಿ, ಅಯ್ಯನವರನ್ನು ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ. ಅವರು ಬೈಬಲ್ ತೆಗೆದು ಓದು ಅಂದರೆ ಓದಿ. ಮನಸ್ಸಿರುವವರು ಆರಾಧನೆ ಮುಗಿದ ಮೇಲೆ ಹೆಸರು ಕೊಡಿ.

ಪ್ರಾರ್ಥನೆ

ಪರಲೋಕದ ತಂದೆಯೇ, ಹೆಸರಿಲ್ಲದ ಊರುಗಳಲ್ಲಿ ನಿನ್ನ ಮಂದೆಯನ್ನು ಕಾಯುತ್ತಿರುವ ನಿನ್ನ ಸೇವಕರಿಗಾಗಿ ಸ್ತೋತ್ರ. ಅವರ ಮೊಣಕಾಲುಗಳಿಗೆ ಬಲ ಕೊಡು, ಅವರ ಮನೆಯ ಒಲೆ ಆರದಂತೆ ನೋಡಿಕೋ. ಅವರ ಬಗ್ಗೆ ನಾಚಿಕೆಪಟ್ಟ ನಮ್ಮನ್ನು ಕ್ಷಮಿಸು. ಈ ಯೌವನಸ್ಥರ ಜೊತೆ ಮಾತಾಡು ಕರ್ತನೇ. ಹಂಚಿಕೊಳ್ಳಲು ನಾಲಿಗೆ ಮಾತ್ರ ಅಲ್ಲ, ಜೀವವನ್ನೂ ಕೊಡುವ ಹೃದಯ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.

ಮನೆಕೂಟದಲ್ಲಿ ಮಾತಾಡಲು

1. ನಿಮ್ಮ ನಂಬಿಕೆಯಿಂದ ಮನೆಯಲ್ಲಿ ನೋವು ಅನುಭವಿಸಿದವರು ಯಾರು? ಅವರ ಜೊತೆ ಈ ವಾರ ಹೇಗೆ ಮಾತಾಡುವಿರಿ?
2. ನಾವು ಕೊಡುವ ಸಹಾಯ ಯಾವಾಗ ಜನರನ್ನು ಚಿಕ್ಕವರನ್ನಾಗಿ ಮಾಡುತ್ತದೆ? ಫಿಲೆಮೋನ 16ರ ಬೆಳಕಿನಲ್ಲಿ ಯೋಚಿಸಿ.
3. ನಿಮಗೆ ಮೊದಲು ವಾಕ್ಯ ಹೇಳಿಕೊಟ್ಟ ಹಳ್ಳಿಯ ಅಥವಾ ಚಿಕ್ಕ ಸಭೆಯ ಸೇವಕರು ಯಾರು? ಅವರಿಗೆ ಕೊನೆಯದಾಗಿ ಫೋನ್ ಮಾಡಿದ್ದು ಯಾವಾಗ?