ಜವಳಗೇರಾದಿಂದ ಮಸ್ಕಿ, ಮುದಗಲ್: ಒಂದು ದಿನದ ಸುತ್ತಾಟ

ಮಸ್ಕಿಯ ಅಶೋಕನ ಶಾಸನವನ್ನೂ ಮುದಗಲ್ ಕೋಟೆಯನ್ನೂ ಜವಳಗೇರಾದಿಂದ ಒಂದೇ ದಿನದಲ್ಲಿ ನೋಡಿ ಬರಬಹುದು. ನಸುಕಿನಲ್ಲೇ ಮನೆ ಬಿಡಬೇಕು, ಅಷ್ಟೇ. ಸಿಂಧನೂರಿಗೆ ಹೋಗಿ ಲಿಂಗಸುಗೂರು ಕಡೆಯ ಬಸ್ಸು ಹತ್ತಿದರೆ ನಡುದಾರಿಯಲ್ಲಿ ಮಸ್ಕಿ ಸಿಗುತ್ತದೆ. ಬೇಸಿಗೆಯಲ್ಲಿ ಬೆಳಗಿನ ಹತ್ತಕ್ಕೇ ಬಂಡೆ ಕಾಯುವ ನಾಡಿದು. ನವೆಂಬರಿನಿಂದ ಫೆಬ್ರವರಿವರೆಗಿನ ದಿನಗಳೇ ಅನುಕೂಲ.

ಮಸ್ಕಿಯಲ್ಲಿ ಇಳಿದ ಕೂಡಲೇ ಗುಡ್ಡದ ಕಡೆ ಓಡಬೇಕಿಲ್ಲ. ಬಸ್ ನಿಲ್ದಾಣದ ಬಳಿ ಒಗ್ಗರಣಿ, ಮಿರ್ಚಿ ತಿನ್ನುತ್ತಾ ಪಕ್ಕದಲ್ಲಿ ಕುಳಿತ ಹಿರಿಯರನ್ನು "ಅಜ್ಜಾರ, ಅಶೋಕನ ಶಾಸನಕ್ಕ ಹೆಂಗ ಹೋಗಬೇಕ್ರಿ?" ಎಂದು ಕೇಳಿದರೆ ದಾರಿಯ ಜೊತೆ ಊರಿನ ಸುದ್ದಿಯೂ ಸಿಗುತ್ತದೆ. ಮಳೆ, ಬೆಳೆ, ಕಾಲುವೆ ನೀರಿನಿಂದ ಮಾತು ಶುರುವಾಗುವುದು ವಾಡಿಕೆ. 5ಎ ಕಾಲುವೆಗಾಗಿ ಈ ಭಾಗದ ರೈತರು ನಡೆಸಿದ ಹೋರಾಟದ ಪ್ರಸ್ತಾಪ ಬಂದರೆ ಮಾತು ಬೇಗ ಮುಗಿಯುವುದಿಲ್ಲ. ಇತಿಹಾಸದ ಪ್ರಶ್ನೆಯನ್ನು ಆಮೇಲೆ ಕೇಳುವುದೇ ಜಾಣತನ. ಫೋಟೊ ತೆಗೆಯುವ ಮೊದಲು ಒಂದು ಮಾತು ಕೇಳಿ ತೆಗೆಯಬೇಕು.

ಶಾಸನವನ್ನು 1915ರಲ್ಲಿ ಪತ್ತೆ ಮಾಡಿದವರು ಬೀಡನ್ ಎಂಬ ಗಣಿ ಎಂಜಿನಿಯರ್. ಅವರು ಬಂದಿದ್ದು ಚಿನ್ನ ಹುಡುಕಲು. ಹಟ್ಟಿಯ ಚಿನ್ನದ ಗಣಿ ಇಲ್ಲಿಂದ ದೂರವಿಲ್ಲ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೊರೆಯ ಹೆಸರು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂದಷ್ಟೇ ಇತ್ತು. ಆ ದೊರೆ ಅಶೋಕನೇ ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ನೆರವಿನಿಂದ ಊಹಿಸಿದ್ದರು. ಮಸ್ಕಿಯ ಬಂಡೆಯಲ್ಲಿ 'ದೇವಾನಾಂಪ್ರಿಯ'ನ ಜೊತೆಗೇ 'ಅಶೋಕ' ಎಂಬ ಹೆಸರೂ ಸಿಕ್ಕಿ ಅನುಮಾನ ಬಗೆಹರಿಯಿತು. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದ ಶಾಸನಗಳಲ್ಲೂ ಈ ಹೆಸರಿದೆ, ಆದರೆ ಅವು ಸಿಕ್ಕಿದ್ದು ಬಹಳ ತಡವಾಗಿ. ಶಾಸನದ ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದಕ್ಕುತ್ತದೆ ಎಂಬುದು ಅದರ ಸಾರ.

ಅಕ್ಷರಗಳು ಸವೆದಿವೆ. ನೇರವಾಗಿ ನೋಡಿದರೆ ಬರೀ ಕಲ್ಲು ಕಾಣುತ್ತದೆ. ಪಕ್ಕಕ್ಕೆ ಸರಿದು, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಗೆರೆಗಳು ಎದ್ದು ಬರುತ್ತವೆ. ಕಾಣಲೆಂದು ಸುಣ್ಣ, ಚಾಕ್‌ಪೀಸ್ ತಿಕ್ಕಬಾರದು. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡುವುದು 1958ರ ಕಾಯ್ದೆಯ ಪ್ರಕಾರ ಶಿಕ್ಷಾರ್ಹ.

ಮಧ್ಯಾಹ್ನಕ್ಕೆ ಲಿಂಗಸುಗೂರು ತಲುಪಿ, ಯಾವುದಾದರೂ ಖಾನಾವಳಿಯಲ್ಲಿ ರೊಟ್ಟಿ ಊಟ ಮುಗಿಸಿ ಮುದಗಲ್ ಬಸ್ಸು ಹಿಡಿಯಬೇಕು. ಕೃಷ್ಣಾ–ತುಂಗಭದ್ರೆಯರ ನಡುವಿನ ಈ ದೋಆಬಿಗಾಗಿ ವಿಜಯನಗರವೂ ಬಹಮನಿಗಳೂ, ಆಮೇಲೆ ಆದಿಲ್‌ಶಾಹಿಗಳೂ ಹೊಡೆದಾಡಿದರು. ಮುದಗಲ್ ಕೋಟೆ ಕೈಯಿಂದ ಕೈಗೆ ಹೋಯಿತು. ಕಂದಕ, ಎರಡು ಸುತ್ತಿನ ಗೋಡೆ, ಫತೇ ದರವಾಜಾ ನೋಡಲೇಬೇಕಾದವು. ಕನ್ನಡದ ಜೊತೆ ಪರ್ಷಿಯನ್, ಅರಬ್ಬಿ ಶಾಸನಗಳೂ ಇಲ್ಲಿವೆ. ಕೋಟೆಯೊಳಗೆ ಇಂದಿಗೂ ಜನವಸತಿಯಿದೆ, ಹಾಗಾಗಿ ಮನೆಯಂಗಳ ಹಾಯುವಾಗ ಸಂಕೋಚವಿರಲಿ.

ಇಲ್ಲಿ ಮಾತಿಗೆ ವಸ್ತು ಮೊಹರಂ. ಹಿಂದೂಗಳೂ ಮುಸ್ಲಿಮರೂ ಕೂಡಿ ಆಚರಿಸುವ ಈ ಅಲಾಯಿ ಹಬ್ಬಕ್ಕೆ ದೂರದೂರದಿಂದ ಜನ ಬರುತ್ತಾರೆ. "ಅಲಾಯಿ ಹಬ್ಬ ಹೆಂಗ ಮಾಡ್ತೀರಿ ಕಾಕಾ?" ಎಂದರೆ ಸಾಕು. ಚಾಂದ್ರಮಾನದ ಹಬ್ಬವಾದ್ದರಿಂದ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಕೋಟೆ ನೋಡುವುದೇ ಉದ್ದೇಶವಾಗಿದ್ದರೆ ಆ ದಿನಗಳನ್ನು ಬಿಡುವುದು ಲೇಸು.

ಮುದಗಲ್ಲಿನಲ್ಲಿ ಇಳಿದಾಗಲೇ ಮರಳುವ ಬಸ್ಸಿನ ಸಮಯ ವಿಚಾರಿಸಿಟ್ಟುಕೊಳ್ಳಬೇಕು. ಸಿಂಧನೂರು ಸೇರಿದರೆ ಆಯಿತು. ಮಾನ್ವಿ ಮೇಲೆ ರಾಯಚೂರಿಗೆ ಹೋಗುವ ಬಸ್ಸುಗಳು ಜವಳಗೇರಾ ಹಾದೇ ಹೋಗುತ್ತವೆ.