ಮೂಲಂಗಿ ಬೀಜ ಒತ್ತಾಗಿ ಬೀಳದಿರಲಿ

ಮೂಲಂಗಿ ಕೆಡುವುದು ಹೆಚ್ಚಾಗಿ ಬಿತ್ತುವಾಗಲೇ. ಹೊಸಬರು ಬೀಜವನ್ನು ಚಿಟಿಕೆಗಟ್ಟಲೆ ಉದುರಿಸಿ, ಎದ್ದ ಸಸಿ ಕೀಳಲು ಮನಸ್ಸಾಗದೆ ಹಾಗೇ ಬಿಡುತ್ತಾರೆ. ಒಂದೂವರೆ ತಿಂಗಳಿಗೆ ಕಿತ್ತರೆ ಕೈಗೆ ಬರುವುದು ಸೊಂಪಾದ ತಪ್ಪಲು, ಅದರ ಬುಡಕ್ಕೆ ಇಲಿಯ ಬಾಲದಂಥ ಬೇರು. ಎರಡು ಎಲೆ ಮೂಡಿದಾಗಲೇ ನಾಲ್ಕು ಬೆರಳಿಗೊಂದು ಸಸಿ ಉಳಿಸಿ ಮಿಕ್ಕವನ್ನು ಕೀಳಬೇಕು. ಕಿತ್ತದ್ದೇನೂ ದಂಡವಾಗದು, ಆ ಎಳೆ ತಪ್ಪಲು ಬಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಜೊತೆ ಹಸಿಯಾಗಿಯೇ ರುಚಿ. ಅದನ್ನು ಬೇರೆಡೆ ನೆಡುವುದು ಮಾತ್ರ ಬೇಡ, ಬೇರು ಸೊಟ್ಟಗಾಗುತ್ತದೆ.

ನೇಸರಗಿ, ಬೈಲಹೊಂಗಲ ಕಡೆಯ ಎರೆಮಣ್ಣು ಜೋಳ, ಕಡಲೆಗೆ ತಾಯಿಯಂಥದ್ದು, ಮೂಲಂಗಿಗೆ ಬಿಗಿ. ಒಂದಡಿ ಆಳ ಸಡಿಲಿಸಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ, ಏರುಮಡಿ ಮಾಡಿಕೊಂಡರೆ ಗಡ್ಡೆ ನೆಟ್ಟಗೆ ಇಳಿಯುತ್ತದೆ. ಹಸಿ ಸಗಣಿ ಹಾಕಿದರೆ ಬೇರು ಕವಲೊಡೆಯುತ್ತದೆ. ವಾರವಿಡೀ ಒಣಗಲು ಬಿಟ್ಟು ಒಮ್ಮೆಲೇ ನೀರು ಸುರಿದರೆ ಗಡ್ಡೆ ಸೀಳುತ್ತದೆ.

ಬೇಸಿಗೆಗೆ ಪೂಸಾ ಚೇತಕಿ ತಳಿ ಒಗ್ಗುತ್ತದೆ, 40–45 ದಿನಕ್ಕೆ ಸಿದ್ಧ. ಚಳಿಗಾಲದ ಜಪಾನೀಸ್ ವೈಟ್‌ಗೆ 55–60 ದಿನ ಬೇಕು. ಇನ್ನಷ್ಟು ದಪ್ಪವಾಗಲೆಂದು ಕಾಯುತ್ತ ಕೂತರೆ ಒಳಗೆಲ್ಲ ಬೆಂಡು.